ಕ್ರೀಡಾಪಟುವಿನ ಮೌನ: ಹ್ಯಾರಿ ಎಡ್ವರ್ಡ್ಸ್ ಅವರ ಗ್ರಂಥವನ್ನು ಕುರಿತು

ಕಾಲೇಜಿನ ಆಟದ ಬಯಲು ಸಮಾಜದ ಕಲಹಗಳಿಂದ ದೂರವಾದ ತಾಣವೆಂಬ ನಂಬಿಕೆಯನ್ನು ಅಲುಗಿಸಿದ ಗ್ರಂಥಗಳಲ್ಲಿ, 1969ರಲ್ಲಿ ಪ್ರಕಟವಾದ ಹ್ಯಾರಿ ಎಡ್ವರ್ಡ್ಸ್ ಅವರ ‘ದಿ ರಿವೋಲ್ಟ್ ಆಫ್ ದಿ ಬ್ಲ್ಯಾಕ್ ಅಥ್ಲೀಟ್’ ಮುಖ್ಯವಾದುದು. ಗ್ರಂಥಕರ್ತರು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನಲ್ಲಿ ಮೊದಲು ಕ್ರೀಡಾಪಟು, ಅನಂತರ ಅಧ್ಯಾಪಕರು. 1967ರಲ್ಲಿ ‘ಮಾನವ ಹಕ್ಕುಗಳ ಒಲಿಂಪಿಕ್ ಯೋಜನೆ’ಯನ್ನು ಸಂಘಟಿಸಿದವರು. ಅದೇ ಕಾಲೇಜಿನ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ 1968ರ ಅಕ್ಟೋಬರ್ 16ರಂದು ಮೆಕ್ಸಿಕೋ ನಗರದ ಪದಕವೇದಿಕೆಯಲ್ಲಿ ಕಪ್ಪು ಕೈಗವಸಿನ ಮುಷ್ಟಿಯನ್ನೆತ್ತಿದರು. ಅಮೆರಿಕದ ತಂಡವು ಅವರನ್ನು ಹೊರಗೆ ಕಳುಹಿಸಿತು.

ಕಪ್ಪು ಜನಾಂಗದ ಯುವಕನ ವೇಗವನ್ನು ಬಯಸುವ ಕಾಲೇಜು ಅವನಿಗೆ ವಸತಿಯಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ಸಮಾನತೆಯನ್ನು ಕೊಡಲು ಹಿಂಜರಿಯುತ್ತದೆ ಎಂಬುದನ್ನು ಈ ಗ್ರಂಥವು ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಇದು ಅದರ ಸ್ಥಾಯಿಯಾದ ಗುಣ. ಆದರೆ ಹೋರಾಟಕ್ಕೆ ಇಳಿದವರನ್ನೂ ಇಳಿಯದವರನ್ನೂ ಅದು ತೂಗುವ ತಕ್ಕಡಿಯನ್ನು ನಾವು ಒಪ್ಪಲಾರೆವು. ಬಹಿರಂಗ ಪ್ರತಿಭಟನೆಯೊಂದೇ ಮನೋಭಾವದ ಪ್ರಮಾಣವಾದರೆ, ಸುಮ್ಮನಿದ್ದವರೆಲ್ಲರೂ ಅನ್ಯಾಯಕ್ಕೆ ಸಮ್ಮತಿಸಿದವರೆಂದಾಗುತ್ತದೆ. ಆ ಯೋಜನೆಯು ಮಹಿಳೆಯರನ್ನು ವಿಚಾರಿಸಲೇ ಇಲ್ಲ. ಆದರೂ ಟೆನೆಸ್ಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಳಗಿದ ಓಟಗಾರ್ತಿ ವಯೋಮಿಯಾ ಟೈಯಸ್ ಮೆಕ್ಸಿಕೋದಲ್ಲಿಯೇ ತಮ್ಮ ರಿಲೇ ಚಿನ್ನವನ್ನು ಸ್ಮಿತ್, ಕಾರ್ಲೋಸ್ ಅವರಿಗೆ ಅರ್ಪಿಸಿದರು. ಎಡ್ವರ್ಡ್ಸ್ ಅವರ ತಕ್ಕಡಿಗೆ ಇಂಥ ಸಹಾನುಭೂತಿಯು ಸಿಕ್ಕುವುದಿಲ್ಲ.

ಮೌನಕ್ಕೆ ಕಾರಣವನ್ನು ಮನಸ್ಸಿನಲ್ಲಿ ಹುಡುಕುವ ಮುನ್ನ ಅಧಿಕಾರದಲ್ಲಿ ಹುಡುಕಬೇಕು. ಗ್ರಂಥವು ಪ್ರಕಟವಾದ ವರ್ಷದಲ್ಲಿಯೇ, ಅಕ್ಟೋಬರ್ 17ರಂದು, ವಯೋಮಿಂಗ್ ವಿಶ್ವವಿದ್ಯಾಲಯದ 14 ಮಂದಿ ಕಪ್ಪು ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ತರಬೇತುದಾರ ಲಾಯ್ಡ್ ಈಟನ್ ಅವರ ಬಳಿಗೆ ಹೋದರು. ಮರುದಿನದ ಎದುರಾಳಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ. ಅದನ್ನು ನಡೆಸುವ ಚರ್ಚು ಕಪ್ಪು ಜನರಿಗೆ ಆಗ ಪೌರೋಹಿತ್ಯವನ್ನು ನಿರಾಕರಿಸುತ್ತಿತ್ತು. ಅದನ್ನು ಪ್ರತಿಭಟಿಸುವುದು ಹೇಗೆಂದು ಮಾತನಾಡಲು ಹೋದವರನ್ನು ಈಟನ್ ತಂಡದಿಂದಲೇ ತೆಗೆದುಹಾಕಿದರು. ವಿಶ್ವವಿದ್ಯಾಲಯವು ಕ್ಷಮೆ ಕೇಳಿದ್ದು 2019ರಲ್ಲಿ, ಅರ್ಧ ಶತಮಾನದ ಬಳಿಕ. ಇದನ್ನು ಕಂಡ ಬೇರೊಂದು ಕಾಲೇಜಿನ ಆಟಗಾರನು ಬಾಯಿ ಮುಚ್ಚಿಕೊಂಡಿದ್ದರೆ, ಅದು ಉದಾಸೀನತೆಯೆಂದು ಹೇಳುವವರಾರು?

2015ರ ನವೆಂಬರ್‌ನಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ನಡೆದುದು ಇದಕ್ಕೆ ಪ್ರತಿಸಾಕ್ಷಿ. ವರ್ಣದ್ವೇಷದ ಪ್ರಕರಣಗಳನ್ನು ಅಲಕ್ಷಿಸಿದರೆಂಬ ಆಪಾದನೆಗೆ ಗುರಿಯಾಗಿದ್ದ ಅಧ್ಯಕ್ಷ ಟಿಮ್ ವೂಲ್ಫ್ ಪದವಿ ಬಿಡುವವರೆಗೆ ಆಡುವುದಿಲ್ಲವೆಂದು ಕಪ್ಪು ಆಟಗಾರರು 7ರಂದು ಸಾರಿದರು. ತರಬೇತುದಾರ ಗ್ಯಾರಿ ಪಿಂಕೆಲ್ ಅವರ ಬೆನ್ನಿಗೆ ನಿಂತರು. ಮುಂದಿನ ಪಂದ್ಯವನ್ನು ಬಿಟ್ಟರೆ ವಿಶ್ವವಿದ್ಯಾಲಯವು 10 ಲಕ್ಷ ಡಾಲರ್ ತೆರಬೇಕಾಗಿತ್ತು. 9ರಂದು ವೂಲ್ಫ್ ರಾಜೀನಾಮೆಯಿತ್ತರು. ವಿದ್ಯಾರ್ಥಿಗಳ ಚಳವಳಿಯು ಮೊದಲೇ ನಡೆದಿತ್ತು, ಉಪವಾಸವೂ ನಡೆದಿತ್ತು; ಆದರೆ ಆಟಗಾರರ ನಿರಾಕರಣೆಯು ಅದಕ್ಕೆ ಹೊಸ ಬಲವನ್ನು ತಂದಿತು.

ವಯೋಮಿಂಗಿನ ಯುವಕರಿಗಿಂತ ಮಿಸ್ಸೂರಿಯವರಲ್ಲಿ ನ್ಯಾಯಬುದ್ಧಿ ಹೆಚ್ಚಾಗಿತ್ತೆಂದು ಯಾರೂ ಹೇಳಲಾರರು. ಕಾಲ ಬೇರೆ, ತರಬೇತುದಾರ ಬೇರೆ, ನಷ್ಟದ ಭಯ ಯಾರ ಪಾಲಿಗೆ ಎಂಬುದೂ ಬೇರೆ. ಆದುದರಿಂದ ಆಟಗಾರರ ಮನೋಭಾವವನ್ನು ಪ್ರಶ್ನಾವಳಿಯಿಂದ ಅಳೆಯ ಹೊರಡುವ ಸಂಶೋಧಕನು, ಉತ್ತರ ಕೊಡುವವನ ವಿದ್ಯಾರ್ಥಿವೇತನವೂ ತಂಡದಲ್ಲಿನ ಸ್ಥಾನವೂ ಯಾರ ಕೈಯಲ್ಲಿವೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಈ ಪ್ರಶ್ನೆಗೆ ಬೇಕಾದ ಸಾಮಗ್ರಿಯನ್ನು ಎಡ್ವರ್ಡ್ಸ್ ಅವರ ಗ್ರಂಥವೇ ಧಾರಾಳವಾಗಿ ಒದಗಿಸುತ್ತದೆ. ಅದರ ತೀರ್ಪುಗಳಿಗಿಂತ ಅದರ ಸಾಕ್ಷ್ಯವೇ ನಮಗೆ ಹೆಚ್ಚು ಉಪಯುಕ್ತ.