ಮುಂಬಯಿಯ ಕಡಲಬಾಗಿಲು: ಶಿಲೆಯಲ್ಲೊಂದು ಪ್ರಶಸ್ತಿ

ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸು ಪ್ರಾಂತ್ಯದಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಂದಿನಿಂದ ೧೯೫೬ರವರೆಗೆ ಕುಮಟಾ, ಹೊನ್ನಾವರ, ಭಟ್ಕಳ ಸೀಮೆಗಳ ಜನರಿಗೆ ಮುಂಬಯಿಯೇ ರಾಜಧಾನಿಯಾಗಿದ್ದಿತು. ಆದುದರಿಂದ ಅಪೋಲೊ ಬಂದರಿನ ‘ಗೇಟ್‌ವೇ ಆಫ್ ಇಂಡಿಯಾ’ ಈ ಕರಾವಳಿಗೆ ತೀರ ಪರಕೀಯವಾದ ವಸ್ತುವಲ್ಲ. ಹೊಗಳುವವರು ಅದರ ಗಾತ್ರವನ್ನೂ, ತೆಗಳುವವರು ಕಟ್ಟಿಸಿದವರ ದರ್ಪವನ್ನೂ ಎತ್ತಿ ಹೇಳುವುದುಂಟು. ‘ಭಾರತದ ದ್ವಾರ’ವೆಂಬ ಹೆಸರಿಗೆ ಆ ಕಟ್ಟಡವು ತಕ್ಕುದೇ ಎಂಬ ಪ್ರಶ್ನೆಯು ಮಾತ್ರ ವಿಚಾರಕ್ಕೆ ಬರುವುದು ವಿರಳ.

ಐದನೆಯ ಜಾರ್ಜ್ ಚಕ್ರವರ್ತಿಯೂ ಮೇರಿ ರಾಣಿಯೂ ಇಲ್ಲಿ ಬಂದಿಳಿದುದು ೧೯೧೧ನೆಯ ಡಿಸೆಂಬರ್ ೨ರಂದು. ೧೯೧೩ನೆಯ ಮಾರ್ಚ್ ೩೧ರಂದು ಮುಂಬಯಿಯ ಗವರ್ನರನು ಅಸ್ತಿಭಾರವನ್ನಿಟ್ಟನು. ೧೯೧೪ರಲ್ಲಿ ವಾಸ್ತುಶಿಲ್ಪಿ ಜಾರ್ಜ್ ವಿಟೆಟನ ನಕ್ಷೆಯು ಒಪ್ಪಿಗೆ ಪಡೆಯಿತು. ಕಡಲನ್ನು ತುಂಬಿಸಿ ನೆಲವನ್ನು ಗಳಿಸಿದ ಮೇಲೆ ೧೯೨೦ರಲ್ಲಿ ತಳಹದಿಯು ಮುಗಿಯಿತು. ವೈಸರಾಯ್ ರೀಡಿಂಗ್ ಪ್ರಭುವು ಪ್ರಾರಂಭೋತ್ಸವವನ್ನು ನೆರವೇರಿಸಿದುದು ೧೯೨೪ನೆಯ ಡಿಸೆಂಬರ್ ೪ರಂದು. ಎಂದರೆ, ಯಾರ ಆಗಮನದ ಸ್ಮರಣೆಗಾಗಿ ಈ ದ್ವಾರವು ಎದ್ದಿತೋ ಅವರು ಬಂದು ಹೋದ ೧೩ ವರ್ಷಗಳ ತರುವಾಯ ಅದು ಪೂರ್ಣವಾಯಿತು.

ಕಟ್ಟಡದ ಒಡಲು ರೋಮನರ ವಿಜಯತೋರಣದ್ದು. ತೊಡವುಗಳು ೧೬ನೆಯ ಶತಮಾನದ ಗುಜರಾತಿನವು. ಹಳದಿ ಬಸಾಲ್ಟ್ ಶಿಲೆ ಮತ್ತು ಕಬ್ಬಿಣ ಹುದುಗಿಸಿದ ಕಾಂಕ್ರೀಟಿನಿಂದ ಕಟ್ಟಿದ ಇದರ ನಡುಗುಮ್ಮಟದ ವ್ಯಾಸ ೪೮ ಅಡಿ, ಎತ್ತರ ೮೩ ಅಡಿ. ಈ ಬೆಸುಗೆಯಲ್ಲಿ ಒರಟುತನವಿಲ್ಲ. ಗೋಡೆಗಳ ಭಾರವನ್ನು ಜಾಲಂಧ್ರಗಳು ಹಗುರಗೊಳಿಸುತ್ತವೆ. ನಾಲ್ಕು ಮೂಲೆಗಳ ಗೋಪುರಗಳು ಕಮಾನಿನ ಅಗಲವನ್ನು ಹಿಡಿತದಲ್ಲಿಡುತ್ತವೆ. ವಿಟೆಟನ ಕೌಶಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಾಗಿಲೆಂದ ಮೇಲೆ ಅದರ ಹಿಂದೆ ಒಂದು ಬೀದಿ ಬೇಕು. ನೇರವಾಗಿ ಬಂದು ಕೂಡಬೇಕಾಗಿದ್ದ ರಾಜಮಾರ್ಗವು ಹಣದ ಅಭಾವದಿಂದ ಆಗಲೇ ಇಲ್ಲ. ಕಮಾನು ಇಂದಿಗೂ ರಸ್ತೆಗೆ ಓರೆಯಾಗಿ ನಿಂತಿರುತ್ತದೆ.

ಅದೇ ೧೬ನೆಯ ಶತಮಾನದಲ್ಲಿ ಭಟ್ಕಳದ ಶಿಲ್ಪಿಗಳು ಕಟ್ಟಿದ ಖೇತಪೈ ನಾರಾಯಣ ದೇವಾಲಯವನ್ನು ಇದರೊಡನೆ ಹೋಲಿಸಬಹುದು. ಭಟ್ಕಳ, ಜಾಲಿಗಳ ಕಡಲಂಚಿನ ಮಳೆಯನ್ನು ಬಲ್ಲ ಆ ಶಿಲ್ಪಿಗಳು ಕಲ್ಲುಹಾಸುಗಳನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿದರು. ಮರಗೆಲಸದ ಕ್ರಮವನ್ನೇ ಕಲ್ಲಿಗೆ ತಂದರು. ದೇವಾಲಯವೂ ಸ್ಮಾರಕವೂ ಒಂದೇ ಪ್ರಯೋಜನದವಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. ಇಲ್ಲಿ ತೂಗಬೇಕಾದುದು ಪ್ರಯೋಜನವನ್ನಲ್ಲ, ಆಕಾರಕ್ಕೂ ನೆಲಕ್ಕೂ ಇರುವ ಸಂಬಂಧವನ್ನು. ಭಟ್ಕಳದಲ್ಲಿ ಆಕಾರವು ಹವೆಯಿಂದ ಹುಟ್ಟಿತು, ಮುಂಬಯಿಯಲ್ಲಿ ಉತ್ಸವದಿಂದ.

ಹೆಸರಿನ ಮಾತೂ ಹೀಗೆಯೇ. ವಿಜಯನಗರಕ್ಕೆ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ೧೫೦೨ರಲ್ಲಿ ವಾಸ್ಕೊ ಡ ಗಾಮನು ಅದರ ಮೇಲೆ ಬಿದ್ದುದೂ, ೧೫೪೨ರಲ್ಲಿ ಪೋರ್ತುಗೀಜರು ಅದನ್ನು ಸುಟ್ಟುದೂ ಅದು ನಿಜವಾದ ಬಾಗಿಲಾಗಿದ್ದುದರಿಂದಲೇ. ಅಂತಹ ಬಾಗಿಲಿಗೆ ತೋರಣದ ಹಂಗಿರಲಿಲ್ಲ.

ಹಾಗೆಂದು ಮುಂಬಯಿಯ ಕಮಾನನ್ನು ಸುಳ್ಳೆಂದು ತಳ್ಳಿಬಿಡುವುದು ವಿಮರ್ಶೆಯಾಗದು. ಶಾಸನಗಳನ್ನು ಓದುವ ವಿದ್ವಾಂಸರು ಪ್ರಶಸ್ತಿಭಾಗದ ಬಿರುದುಗಳನ್ನು ಘಟನೆಗಳೆಂದು ನಂಬುವುದಿಲ್ಲ, ನಿರರ್ಥಕವೆಂದು ಬಿಡುವುದೂ ಇಲ್ಲ. ಅರಸನು ತನ್ನನ್ನು ಹೇಗೆ ಕಾಣಿಸಿಕೊಳ್ಳಬಯಸಿದನೆಂಬುದಕ್ಕೆ ಅವು ಸಾಕ್ಷಿಯೆಂದು ತಿಳಿಯುತ್ತಾರೆ. ಈ ಕಮಾನೂ ಅಂತಹುದೊಂದು ಪ್ರಶಸ್ತಿ. ಆದರೆ ಪ್ರಶಸ್ತಿಯನ್ನು ಬರೆಯಿಸಿದವರು ಅದರ ಅರ್ಥವನ್ನು ಕೊನೆಯವರೆಗೆ ಕಾಯಲಾರರು. ೧೯೪೮ನೆಯ ಫೆಬ್ರವರಿ ೨೮ರಂದು ಸಾಮರ್ಸೆಟ್ ಪದಾತಿದಳದ ಮೊದಲನೆಯ ಪಡೆಯು ಇದೇ ಕಮಾನಿನ ಕೆಳಗೆ ಹಾದು ಹಡಗನ್ನೇರಿತು. ಭಾರತದಲ್ಲಿ ಉಳಿದಿದ್ದ ಬ್ರಿಟಿಷ್ ಸೇನೆಯಲ್ಲಿ ಅದೇ ಕಡೆಯದು. ಒಳಬರವಿಗೆಂದು ಎತ್ತಿದ ಬಾಗಿಲು ಹೊರಹೋಗುವಿಕೆಯಿಂದ ಚರಿತ್ರೆಯಲ್ಲಿ ನಿಂತಿತು.