ಮೂರು ಜನ ಸೇರಿ ಬರೆದ ಒಂದು ಸಾಲು

ರಾತ್ರಿ ಹನ್ನೊಂದೂವರೆಗೆ ಟೀಮಿನ ಹುಡುಗ ಫೋನ್ ಮಾಡಿದ. ಪಾವಗಡದ ಕಡೆಯವನು, ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. "ಅಣ್ಣಾ, ಅಪಾಚೆ ಏಳ್ತಾನೇ ಇಲ್ಲ. ಫೈಲ್ ಇಲ್ಲ ಅಂತೈತೆ. ಆದ್ರೆ ಫೈಲ್ ಇಲ್ಲೇ ಐತಲ್ಲಣ್ಣಾ, ಕಣ್ಣೆದುರಿಗೇ ಐತೆ!" ಹಳೇ ಸರ್ವರಿನಿಂದ ಹೊಸದಕ್ಕೆ ಒಂದು ಸೈಟ್ ಸಾಗಿಸುವ ಕೆಲಸ. ಆಗಿನ್ನೂ ಪಿಎಚ್‌ಪಿ 5ರ ಕಾಲ. ನಾವೇ ಕಂಪೈಲ್ ಮಾಡಿಟ್ಟಿದ್ದ ಪಿಎಚ್‌ಪಿ ಮಾಡ್ಯೂಲನ್ನ ಹಂಗೇ ಕಾಪಿ ಮಾಡಿ ಹಾಕಪ್ಪಾ ಅಂತ ಹೇಳಿದ್ದವನು ನಾನೇ. ಹಾಗಾಗಿ ಮೂಲ ತಪ್ಪು ನನ್ನದು, ಅದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಅವನ ಸ್ಕ್ರೀನಿನಲ್ಲಿದ್ದ ಸಾಲನ್ನ ಇಡೀ ಓದು ಅಂದೆ. ಓದಿದ: "ಸಿಂಟ್ಯಾಕ್ಸ್ ಎರರ್ ಆನ್ ಲೈನ್ 58 ಆಫ್ ಎಚ್‌ಟಿಟಿಪಿಡಿ ಡಾಟ್ ಕಾನ್ಫ್: ಕೆನಾಟ್ ಲೋಡ್ ಲಿಬ್‌ಪಿಎಚ್‌ಪಿ5 ಡಾಟ್ ಎಸ್‌ಓ ಇನ್‌ಟು ಸರ್ವರ್: ಲಿಬ್‌ಪಿಕ್ಯೂ ಡಾಟ್ ಎಸ್‌ಓ ಡಾಟ್ 5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ."

ಕಾದಂಬರಿ, ಸಿನಿಮಾ ವಿಮರ್ಶೆ ಮಾಡೋರು ಬೇಕಾದಷ್ಟು ಜನ ಇದ್ದಾರೆ. ನಮ್ಮಂಥವರು ದಿನಕ್ಕೆ ಹತ್ತು ಸಲ ಓದೋದು ಇಂಥ ಸಾಲುಗಳನ್ನ, ಇದರ ವಿಮರ್ಶೆ ಯಾರೂ ಮಾಡಲ್ಲ. ನಾನಾದರೂ ಮಾಡ್ತೀನಿ.

ಈ ಸಾಲಿನಲ್ಲಿ ನಾಲ್ಕು ಕೋಲನ್, ಐದು ತುಂಡು. ಬರೆದವರು ಮೂರು ಕಡೆಯವರು. ಮೊದಲ ಎರಡು ತುಂಡು ಅಪಾಚೆಯದು. ಮಧ್ಯದ ಎರಡು, ಮಾಡ್ಯೂಲನ್ನ ಮೆಮೊರಿಗೆ ಎತ್ತಿಕೊಳ್ಳೋ ಲಿನಕ್ಸ್ ಲೋಡರಿನದು. ಕೊನೇದು ಸಿ ಲೈಬ್ರರಿಯದು. ಒಂದು ಎರರ್ ನಂಬರಿಗೆ ಯೂನಿಕ್ಸ್ ಕಾಲದಿಂದ ಅಂಟಿಸಿಕೊಂಡು ಬಂದಿರೋ ಸಿದ್ಧ ಉತ್ತರ. ಈ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಬರೆದಿದ್ದಾರೆ. ಅದನ್ನ ಕೋಲನ್ ಹಾಕಿ ಹೊಲಿದು ಓದುಗನ ಕೈಗೆ ಕೊಟ್ಟಾಗ ಅವನು ಒಂದೇ ವಾಕ್ಯ ಅಂತಲೇ ಓದ್ತಾನೆ, ಇನ್ನೇನು ಮಾಡಿಯಾನು? ಮೊದಲಿನ ಹೆಸರು ಕಣ್ಣಿಗೆ ಬೀಳುತ್ತೆ, ಕೊನೆಯ ಮಾತು ತಲೆಯಲ್ಲಿ ನಿಲ್ಲುತ್ತೆ. ಪಿಎಚ್‌ಪಿ ಮಾಡ್ಯೂಲ್, ಫೈಲ್ ಇಲ್ಲ. ನಿಜವಾದ ಸುದ್ದಿ ನಡುವೆ ಇರೋ ಲಿಬ್‌ಪಿಕ್ಯೂ, ಅಂದರೆ ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಲೈಬ್ರರಿ. ಹೊಸ ಮಷೀನಿನಲ್ಲಿ ಇಲ್ಲದೇ ಇದ್ದದ್ದು ಅದು. ಮಾಡ್ಯೂಲ್ ಅದನ್ನ ನಂಬಿಕೊಂಡಿತ್ತು.

ಸಿಂಟ್ಯಾಕ್ಸ್ ಎರರ್ ಅನ್ನೋದಂತೂ ನೇರ ಸುಳ್ಳು. 58ನೇ ಸಾಲಿನಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ. ಆದರೆ ಹುಡುಗ ಅದನ್ನ ಅಳಿಸಿ ಆರು ಸಲ ಮತ್ತೆ ಟೈಪ್ ಮಾಡಿದ್ದ.

ನಮ್ಮೂರ ಬಾವಿಯಲ್ಲಿ ಮೋಟರು ಓಡ್ತಾ ಇದ್ದರೂ ನೀರು ಬರದಿದ್ದರೆ ಅಪ್ಪ ಪಂಪ್‌ಹೌಸಿಗೆ ಹೋಗ್ತಿರಲಿಲ್ಲ, ಸೀದಾ ಬಾವಿಗೆ ಇಳಿಯೋರು. ಕೆಳಗೆ ಫುಟ್‌ವಾಲ್ವಿಗೆ ಕಸ ಸಿಕ್ಕಿ, ಪೈಪಿನ ನೀರೆಲ್ಲ ಇಳಿದುಹೋಗಿರೋದು. ಅಂಥ ಹೊತ್ತಲ್ಲಿ ಯಾರಾದರೂ ಬಂದು "ಗೌಡ್ರೇ, ನಿಮ್ಮ ಮೋಟರೇ ಇಲ್ಲ" ಅಂದಿದ್ದರೆ ಅಪ್ಪ ಏನನ್ನೋರು ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಎಲ್‌ಡಿಡಿ ಕಮಾಂಡ್ ಹಾಕಿ ನೋಡು ಅಂದೆ. ಮಾಡ್ಯೂಲಿಗೆ ಬೇಕಾದ ಲೈಬ್ರರಿಗಳೆಲ್ಲ ಪಟ್ಟಿಯಾಗಿ ಬಂದವು, ಒಂದರ ಮುಂದೆ ಮಾತ್ರ "ನಾಟ್ ಫೌಂಡ್". ಅದನ್ನ ಇನ್‌ಸ್ಟಾಲ್ ಮಾಡಿದ, ಅಪಾಚೆ ಎದ್ದಿತು. ಐದು ನಿಮಿಷದ ಕೆಲಸ. ಆಮೇಲೆ ಅವನು ಹೇಳಿದ್ದು ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ: "ನಂದು ಕನ್ನಡ ಮೀಡಿಯಂ ಅಲ್ವಾಣ್ಣಾ, ಇಂಗ್ಲಿಷ್ ಸರಿಯಾಗಿ ಅರ್ಥ ಆಗಲಿಲ್ಲ."

ಅಲ್ಲ ಕಣಪ್ಪಾ. ನೀನು ಬರೆದಿದ್ದನ್ನ ಬರೆದಂಗೇ ನಂಬಿದೆ, ಅಷ್ಟೇ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ. ಅಚ್ಚಾಗಿ ಬಂದ ಇಂಗ್ಲಿಷ್ ತಪ್ಪಿರೋದಿಲ್ಲ, ತಪ್ಪಿದ್ದರೆ ನಮ್ಮದೇ ಅನ್ನೋ ಭಯ ಬಿಇ ಮುಗಿದು ಎಷ್ಟೋ ವರ್ಷವಾದರೂ ಹೋಗಿರಲಿಲ್ಲ.

ನ್ಯಾಯವಾಗಿ ಹೇಳಬೇಕು ಅಂದ್ರೆ ಲಿನಕ್ಸಿನ ಸಾಲು ಎಷ್ಟೋ ವಾಸಿ, ಕಾಣೆಯಾದ ಲೈಬ್ರರಿಯ ಹೆಸರನ್ನಾದರೂ ಹೇಳುತ್ತೆ. ವಿಂಡೋಸಿನಲ್ಲಿ ಇದೇ ಸಮಸ್ಯೆ ಬಂದರೆ "ದಿ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್" ಅಂತ ಹೇಳಿ ಸುಮ್ಮನಾಗುತ್ತೆ. ಸಿಗದೇ ಇರೋದು ಮಾಡ್ಯೂಲೋ, ಅದಕ್ಕೆ ಬೇಕಾದ ಡಿಎಲ್‌ಎಲ್ಲೋ, ನೀವೇ ಹುಡುಕ್ಕೊಳ್ಳಿ.

ಅಪಾಚೆಯಲ್ಲಿ ನನಗೆ ಇಷ್ಟವಾದ ಒಂದು ಸಾಲೂ ಇದೆ. 2.2ಕ್ಕೆ ಕಂಪೈಲಾದ ಮಾಡ್ಯೂಲನ್ನ 2.4ಕ್ಕೆ ಹಾಕಿದರೆ, ಮಾಡ್ಯೂಲಿನ ರಚನೆ ಕಲಸಿಹೋಗಿದೆ, 41503234 ಅನ್ನೋ ಸಹಿ ಇರಬೇಕಿತ್ತು, 41503232 ಕಾಣ್ತಿದೆ, ಬಹುಶಃ ಇದು ಬೇರೆ ವರ್ಶನ್ನಿನದಾ? ಅಂತ ಕೇಳುತ್ತೆ. ಆ ಅಂಕಿಗಳನ್ನ ಎರಡೆರಡಾಗಿ ಆಸ್ಕಿ ಕೋಡಿನಲ್ಲಿ ಬಿಡಿಸಿ ನೋಡಿ: ಎ, ಪಿ, 2, 4. ಇನ್ನೊಂದು ಎ, ಪಿ, 2, 2. ಉತ್ತರ ಅಲ್ಲೇ ಇದೆ! "ಇದು 2.2ರದ್ದು" ಅಂತ ಬಾಯಿಬಿಟ್ಟು ಹೇಳೋಕೆ ಏನು ದಾಡಿ ಅಂತ ಒಂದು ಕಡೆ ಸಿಟ್ಟು. ಆದರೂ ಆ "ಬಹುಶಃ", ಆ ಪ್ರಶ್ನಾರ್ಥಕ ಚಿಹ್ನೆ, ಅದರಲ್ಲೊಂದು ಮರ್ಯಾದೆ ಇದೆ. ತನಗೆ ಗೊತ್ತಿರೋದು ಇಷ್ಟೇ ಅಂತ ಒಪ್ಪಿಕೊಳ್ಳುತ್ತೆ.

ಕೆಟ್ಟ ಸಾಲಿಗಿಂತ ನನಗೆ ಹೆಚ್ಚು ಹೆದರಿಕೆ ಸಾಲೇ ಇಲ್ಲದಿರೋದು. ಅವತ್ತು ಹುಡುಗ ಫೋನ್ ಮಾಡೋಕೆ ಮುಂಚೆ, 58ನೇ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ ನೋಡಿದ್ದನಂತೆ. ಸರ್ವರು ಎದ್ದಿತ್ತು! ಪಿಎಚ್‌ಪಿಯ ಮಿಕ್ಕ ಸೆಟಿಂಗುಗಳೆಲ್ಲ ಇಫ್‌ಮಾಡ್ಯೂಲ್ ಅನ್ನೋ ಬೇಲಿಯೊಳಗಿದ್ದವು. ಮಾಡ್ಯೂಲ್ ಇದ್ದರೆ ಇದನ್ನ ಮಾಡು, ಇಲ್ಲದಿದ್ದರೆ ಬಿಟ್ಟುಬಿಡು ಅಂತ ಅದರ ಅರ್ಥ. ಒಂದು ಎರರ್ ಇಲ್ಲ. ಬ್ರೌಸರಿನಲ್ಲಿ ಪುಟ ತೆಗೆದರೆ ಪಿಎಚ್‌ಪಿ ಕೋಡು ಓಡುವ ಬದಲು ಕೋಡೇ ಬಂದಿತ್ತು, ಡೇಟಾಬೇಸಿನ ಪಾಸ್‌ವರ್ಡ್ ಸಮೇತ. ಪುಣ್ಯಕ್ಕೆ ಡೊಮೈನ್ ಇನ್ನೂ ಹಳೇ ಮಷೀನಿಗೇ ತೋರಿಸ್ತಿತ್ತು. ಪಾಸ್‌ವರ್ಡನ್ನ ಮಾತ್ರ ಅವತ್ತೇ ಬದಲಾಯಿಸಿದೆವು.

ಈ ಬೇಲಿಯನ್ನ ಟ್ಯುಟೋರಿಯಲ್ಲುಗಳಿಂದ ಎತ್ತಿಕೊಂಡು ಎಲ್ಲೆಂದರಲ್ಲಿ ಅಂಟಿಸೋದು ನಮ್ಮೆಲ್ಲರ ಚಟ. ಅಪ್‌ಲೋಡ್ ಫೋಲ್ಡರಿನಲ್ಲಿ ಯಾರೋ ಹಾಕಿದ ಪಿಎಚ್‌ಪಿ ಫೈಲ್ ಓಡಬಾರದು ಅಂತ "ಇಫ್‌ಮಾಡ್ಯೂಲ್ ಮಾಡ್_ಪಿಎಚ್‌ಪಿ5" ಒಳಗೆ ಎಂಜಿನ್ ಆಫ್ ಅಂತ ಬರೆದಿಟ್ಟ ಸೈಟುಗಳು ಎಷ್ಟೋ. 2015ರ ಡಿಸೆಂಬರಿನಲ್ಲಿ ಪಿಎಚ್‌ಪಿ 7 ಬಂತು, ಮಾಡ್ಯೂಲಿನ ಹೆಸರು ಮಾಡ್_ಪಿಎಚ್‌ಪಿ7 ಆಯ್ತು. ಪಿಎಚ್‌ಪಿ 8ರಲ್ಲಿ ಆ ಅಂಕಿಯೂ ಹೋಯ್ತು, ಬರೀ ಮಾಡ್_ಪಿಎಚ್‌ಪಿ. ಅಪ್‌ಗ್ರೇಡ್ ಮಾಡಿದ ದಿನ ಆ ಬೇಲಿಯೊಳಗಿನ ಕಾವಲು ಸದ್ದಿಲ್ಲದೆ ಎದ್ದು ಹೋಗಿರುತ್ತೆ. ಲಾಗಿನಲ್ಲಿ ಒಂದಕ್ಷರ ಇರಲ್ಲ. ಬೇಲಿ ಇಲ್ಲದೆ ಬರೆದಿದ್ದರೆ, ಪಿಎಚ್‌ಪಿ ಮಾಡ್ಯೂಲೇ ಇಲ್ಲದ ಕಡೆ ಅಪಾಚೆ "ಇನ್‌ವ್ಯಾಲಿಡ್ ಕಮಾಂಡ್" ಅಂತ ಕಿರುಚ್ತಿತ್ತು, ಕಾಗುಣಿತ ತಪ್ಪಿರಬಹುದು ಅಥವಾ ಬೇಕಾದ ಮಾಡ್ಯೂಲ್ ಇಲ್ಲದಿರಬಹುದು ಅಂತ ಎರಡು ದಾರಿಯನ್ನೂ ತೋರಿಸ್ತಿತ್ತು. ಆ ಕಿರುಚಾಟ ತಪ್ಪಿಸೋಕೆ ಅಂತಲೇ ನಾವು ಬೇಲಿ ಹಾಕಿದ್ದು.

ಇದ್ದರೂ ಆಗುತ್ತೆ, ಇಲ್ಲದಿದ್ದರೂ ನಡೆಯುತ್ತೆ ಅನ್ನೋ ಕಡೆ, ಉದಾಹರಣೆಗೆ ಪುಟಗಳನ್ನ ಕುಗ್ಗಿಸಿ ಕಳಿಸೋ ಮಾಡ್_ಡಿಫ್ಲೇಟಿಗೆ ಇಫ್‌ಮಾಡ್ಯೂಲ್ ಸರಿ. ಬೀಗದ ಕೆಲಸಕ್ಕೆ ಅದನ್ನ ಹಾಕಬಾರದು. ಬೀಗ ಸಿಗಲಿಲ್ಲ ಅಂದ್ರೆ ಅಂಗಡಿ ತೆಗೀಬೇಡ ಅನ್ನೋ ಸರ್ವರೇ ನನಗೆ ಬೇಕು, ರಾತ್ರಿ ಹನ್ನೊಂದೂವರೆಗೆ ಎಬ್ಬಿಸಿದರೂ ಸರಿ.

ಆ ಹುಡುಗ ಈಗ ನನ್ನ ಕೋಡ್ ರಿವ್ಯೂ ಮಾಡ್ತಾನೆ. ಕಳೆದ ವಾರ ನಾನು ಬರೆದಿದ್ದ ಸ್ಕ್ರಿಪ್ಟಿನಲ್ಲಿ ಒಂದು ಕಡೆ "ಫೈಲ್ ಓದಲಾಗಲಿಲ್ಲ" ಅಂತಷ್ಟೇ ಪ್ರಿಂಟ್ ಮಾಡಿಸಿದ್ದೆ. ಅದರ ಪಕ್ಕದಲ್ಲಿ ಅವನ ಕಾಮೆಂಟ್ ಇತ್ತು: "ಯಾವ ಫೈಲ್ ಅಣ್ಣಾ?"