ಪರದೆಯ ಮೇಲಿನ ಕನ್ನಡ: ಅಕ್ಷರಗಾತ್ರದ ಪ್ರಶ್ನೆ

ಬರಹದ ವಿಮರ್ಶೆಯೆಂದರೆ ವಸ್ತು, ಭಾಷೆ, ಶೈಲಿಗಳ ವಿಮರ್ಶೆಯೆಂದೇ ನಾವು ತಿಳಿದುಬಂದಿದ್ದೇವೆ. ಬರಹವು ಕಣ್ಣಿಗೆ ನಿಲುಕುವಷ್ಟು ದೊಡ್ಡದಾಗಿದೆಯೇ ಎಂಬ ವಿಚಾರವನ್ನು ಅಚ್ಚುಕೂಟದವರಿಗೆ ಬಿಟ್ಟಿದ್ದೆವು. ಅವರೂ ಅದನ್ನು ಬಹುಮಟ್ಟಿಗೆ ನಿಷ್ಠೆಯಿಂದ ನೋಡಿಕೊಂಡರು. ಈಗ ಹೊರನಾಡ ಕನ್ನಡಿಗನ ಓದಿನ ದೊಡ್ಡ ಪಾಲು ಕಾಗದದಿಂದ ಪರದೆಗೆ ಸರಿದಿದೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಕಂಬ ಹಿಡಿದು ನಿಂತವನಿಗೆ ಊರಿನ ಸುದ್ದಿಯೂ ಹೊಸ ಕತೆಯೂ ಅಂಗೈಯಗಲದ ಮೊಬೈಲಿನಲ್ಲಿಯೇ ದೊರೆಯಬೇಕು. ಆ ಪುಟಗಳನ್ನು ರಚಿಸುವವರು ಅಕ್ಷರಗಾತ್ರವನ್ನು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆಂಬುದು ಆದಕಾರಣ ವಿಮರ್ಶೆಗೆ ಯೋಗ್ಯವಾದ ವಿಷಯವೇ ಆಗಿದೆ.

ನಮ್ಮ ಸಂಘದ ವಾಚನಾಲಯದಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಈ ವಿಚಾರಕ್ಕೆ ಪ್ರೇರಣೆ. ಎಂಬತ್ತರ ಹತ್ತಿರದ ಹಿರಿಯರೊಬ್ಬರು ಮೊಬೈಲಿನಲ್ಲಿ ಒಂದು ಕತೆಯನ್ನು ಓದುತ್ತಿದ್ದವರು ತಲೆಯೆತ್ತಿ, “ಅಲ್ಲ ರಾಯರೇ, ‘ಹಳಿಯಿಂದ ಬಂದ ಹುಡುಗ’ ಎಂದರೇನು?” ಎಂದು ಕೇಳಿದರು. ನೋಡಿದರೆ ಅದು ‘ಹಳ್ಳಿಯಿಂದ ಬಂದ ಹುಡುಗ’. ಸಾಲುಗಳ ನಡುವಿನ ಅಂತರವನ್ನು ಎಷ್ಟು ಬಿಗಿಗೊಳಿಸಿದ್ದರೆಂದರೆ ಒತ್ತಕ್ಷರದ ಮುಕ್ಕಾಲು ಪಾಲು ಕತ್ತರಿಸಿಹೋಗಿತ್ತು. (ರೈಲು ಹಳಿಗಳ ಊರಿನಲ್ಲಿ ಐವತ್ತು ವರ್ಷ ಕಳೆದವರು ಹಾಗೆ ಓದಿದ್ದು ಸಹಜವೇ.) ಎರಡು ಬೆರಳುಗಳಿಂದ ಪುಟವನ್ನು ಹಿಗ್ಗಿಸಲು ನೋಡಿದರು, ಹಾಗೆ ಹಿಗ್ಗಿಸಬಾರದೆಂದು ಪುಟದ ಕರ್ತೃಗಳು ಕಟ್ಟಳೆ ಹಾಕಿದ್ದರು. ಕೊನೆಗೆ ಅವರು, “ಕಣ್ಣು ಹೋಯಿತು, ಇನ್ನು ಓದಿದ್ದು ಸಾಕು” ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ತಪ್ಪು ಪುಟದ್ದು, ದೋಷವನ್ನು ಹೊತ್ತದ್ದು ಅವರ ಕಣ್ಣು.

ಇಂತಹ ಪುಟಗಳನ್ನು ರಚಿಸುವವರಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಹದಿನಾರು ಪಿಕ್ಸೆಲ್’ ಎಂಬುದು. ಬಹುತೇಕ ಬ್ರೌಸರುಗಳ ಮೂಲಗಾತ್ರ ಅದೇ ಆಗಿರುವುದರಿಂದ ಅದಕ್ಕೊಂದು ಪ್ರಾಮಾಣ್ಯ ಬಂದುಬಿಟ್ಟಿದೆ. ಆದರೆ ಈ ಪಿಕ್ಸೆಲ್ ಎಂಬುದು ಪರದೆಯ ಮೇಲೆ ಹೊಳೆಯುವ ಚುಕ್ಕೆಯಲ್ಲ. ಜಾಲಪುಟಗಳ ವಿನ್ಯಾಸಭಾಷೆಯಾದ ಸಿಎಸ್‌ಎಸ್‌ನಲ್ಲಿ ಅದು ವಾಸ್ತವವಾಗಿ ಒಂದು ಕೋನದ ಅಳತೆ. ಅಂಗುಲಕ್ಕೆ 96 ಚುಕ್ಕೆಗಳಿರುವ ಪರದೆಯನ್ನು ಒಂದು ತೋಳಿನಳತೆಯಿಂದ, ಎಂದರೆ 28 ಅಂಗುಲಗಳ ದೂರದಿಂದ ನೋಡಿದಾಗ ಒಂದು ಚುಕ್ಕೆ ಕಣ್ಣಿನಲ್ಲಿ ಎಷ್ಟು ಕೋನವನ್ನು ವ್ಯಾಪಿಸುತ್ತದೆಯೋ ಅದೇ ಒಂದು ಪಿಕ್ಸೆಲ್, ಸುಮಾರು 0.0213 ಡಿಗ್ರಿ. ಆ ದೂರದಲ್ಲಿ ಅದರ ಅಗಲ 0.26 ಮಿಲಿಮೀಟರು. ಮೂರೂವರೆ ಮೀಟರು ದೂರದ ಪರದೆಯಲ್ಲಾದರೆ ಅದೇ ಪಿಕ್ಸೆಲ್ 1.3 ಮಿಲಿಮೀಟರು ಇರತಕ್ಕದ್ದು. ದೂರ ಹೆಚ್ಚಿದಂತೆ ಅಕ್ಷರ ಬೆಳೆಯಬೇಕೆಂಬ ಈ ತತ್ತ್ವವು ಸಾಧುವಾದದ್ದು, ಸುಂದರವೂ ಹೌದು.

ತೊಡಕು ಹುಟ್ಟುವುದು ಅದರ ಅನ್ವಯದಲ್ಲಿ. 2007ರಲ್ಲಿ ಬಂದ ಮೊದಲ ಐಫೋನಿನ ಪರದೆಯಲ್ಲಿ ಅಂಗುಲಕ್ಕೆ 163 ಚುಕ್ಕೆಗಳಿದ್ದುವು. ಮೇಜಿನ ಮೇಲಿನ ಹಳೆಯ ಪರದೆಯಲ್ಲಿ 4.2 ಮಿಲಿಮೀಟರಾಗುತ್ತಿದ್ದ ಹದಿನಾರು ಪಿಕ್ಸೆಲ್ ಅಲ್ಲಿ ಎರಡೂವರೆ ಮಿಲಿಮೀಟರಿಗೆ ಇಳಿಯಿತು. 2010ರಲ್ಲಿ ಚುಕ್ಕೆಗಳು ಇಮ್ಮಡಿಯಾದುವು. ಒಂದು ಪಿಕ್ಸೆಲಿಗೆ ಉದ್ದಗಲಗಳಲ್ಲಿ ಎರಡೆರಡು ಚುಕ್ಕೆಗಳೆಂದು ಎಣಿಸಿದ್ದರಿಂದ ಅಕ್ಷರ ಹರಿತವಾಯಿತೇ ಹೊರತು ದೊಡ್ಡದಾಗಲಿಲ್ಲ. ಮೊಬೈಲನ್ನು ಹತ್ತಿರ ಹಿಡಿಯುವುದರಿಂದ ಚಿಕ್ಕ ಅಕ್ಷರ ಸಾಕೆಂಬುದು ಇಲ್ಲಿಯ ಊಹೆ. ನಲವತ್ತು ಸೆಂಟಿಮೀಟರಿನ ದೂರದಲ್ಲಿ ಲೆಕ್ಕ ಸರಿಯಾಗಿಯೇ ಬರುತ್ತದೆ. ಕೋನ ಮೇಜಿನ ಪರದೆಯದಕ್ಕಿಂತ ತುಸು ಹೆಚ್ಚೇ.

ಆದರೆ ಚಾಳೀಸು ಬಂದವನು ಏನು ಮಾಡುತ್ತಾನೆ? ಕನ್ನಡಕ ಮನೆಯಲ್ಲಿ ಮರೆತ ದಿನ ಮೊಬೈಲನ್ನು ಹತ್ತಿರಕ್ಕೆ ತರುವುದಿಲ್ಲ, ತೋಳು ಚಾಚಿ ದೂರ ಹಿಡಿಯುತ್ತಾನೆ. ವಯಸ್ಸಿನೊಡನೆ ಕಣ್ಣಿನ ಮಸೂರದ ಮೃದುತ್ವ ಕುಂದಿ ಹತ್ತಿರದ ವಸ್ತು ಮಸುಕಾಗುವುದೇ ಇದಕ್ಕೆ ಕಾರಣ. ಅರುವತ್ತು ಸೆಂಟಿಮೀಟರಿನಲ್ಲಿ ಆ ಎರಡೂವರೆ ಮಿಲಿಮೀಟರಿನ ಅಕ್ಷರ, ಮೇಜಿನ ಪರದೆಯಲ್ಲಿ ಕಾಣುವುದರ ಮುಕ್ಕಾಲು ಪಾಲೂ ಇರುವುದಿಲ್ಲ. ಯಾರಿಗೆ ದೊಡ್ಡ ಅಕ್ಷರ ಬೇಕೋ ಅವರಿಗೇ ಅದು ಮತ್ತಷ್ಟು ಕಿರಿದಾಗುತ್ತದೆ. ಈ ವೈಪರೀತ್ಯವನ್ನು ಪುಟದ ಕರ್ತೃ ತನ್ನ ಇಪ್ಪತ್ತೈದರ ಕಣ್ಣುಗಳಿಂದ ಊಹಿಸುವುದು ಕಷ್ಟ.

ಇನ್ನು ಕನ್ನಡದ ವಿಶೇಷವನ್ನು ನೋಡೋಣ. ಹದಿನಾರೆಂಬ ಸಂಖ್ಯೆಯು ರೋಮನ್ ಲಿಪಿಯ ಅನುಭವದಿಂದ ಬಂದದ್ದು. ಹಿಂದಿನ ಅಚ್ಚಿನ ಮೊಳೆಯಲ್ಲಿ ಪಾಯಿಂಟ್ ಎಂಬುದು ಮೊಳೆಯ ದೇಹದ ಅಳತೆಯಾಗಿತ್ತಲ್ಲದೆ ಅಕ್ಷರದ ಮುಖದ ಅಳತೆಯಾಗಿರಲಿಲ್ಲ. ಪರದೆಯ ಫಾಂಟುಗಳಲ್ಲಿಯೂ ಹಾಗೆಯೇ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ‘ಸ್ತ್ರೀ’, ‘ರಾಷ್ಟ್ರ’ಗಳಂತಹ ಕಡೆ ಒತ್ತಿನ ಮೇಲೊಂದು ಒತ್ತು. ಇವೆಲ್ಲಕ್ಕೂ ಸ್ಥಳ ಮಾಡಬೇಕಾದ ಫಾಂಟುಗಾರನು ಹಲವು ವೇಳೆ ಮೂಲಾಕ್ಷರವನ್ನೇ ಕುಗ್ಗಿಸುತ್ತಾನೆ; ಒತ್ತಕ್ಷರವಂತೂ ಅದಕ್ಕಿಂತಲೂ ಚಿಕ್ಕದು. ಅರ್ಥಭೇದ ನಿಂತಿರುವುದೋ ಈ ಚಿಕ್ಕ ಅವಯವಗಳ ಮೇಲೆಯೇ. ‘ದನ’ವನ್ನು ‘ಧನ’ ಮಾಡುವುದು ಬುಡದ ಒಂದು ಸೀಳುಗೆರೆ. ‘ಕತೆ’ಯನ್ನು ‘ಕತ್ತೆ’ ಮಾಡುವುದು ಒಂದು ತಾವೊತ್ತು. ನಮ್ಮ ಲಿಪಿಯಲ್ಲಿ ಗಾತ್ರವನ್ನು ನಿರ್ಣಯಿಸಬೇಕಾದದ್ದು ಅಕ್ಷರದ ಎತ್ತರವಲ್ಲ, ಅದರ ಅತ್ಯಂತ ಚಿಕ್ಕ ಭೇದಕ ಗೆರೆ. ರೋಮನ್ನಿಗೆ ಹದಿನಾರು ಸಾಕಾದಲ್ಲಿ ಕನ್ನಡಕ್ಕೆ ಹದಿನೆಂಟೋ ಇಪ್ಪತ್ತೋ ಬೇಕಾಗುವುದು ಇದರಿಂದ. ನಿಖರವಾದ ಸಂಖ್ಯೆಯು ಫಾಂಟಿನಿಂದ ಫಾಂಟಿಗೆ ಬದಲಾಗುವುದರಿಂದ ಅದನ್ನು ಸೂತ್ರವಾಗಿ ಹೇಳಲು ನಾನು ಸಿದ್ಧನಿಲ್ಲ.

ವಿಶ್ವಮಾನ್ಯವಾದ ಸುಗಮ್ಯತಾ ಸೂತ್ರಗಳಾದರೂ ದಾರಿ ತೋರುತ್ತವೆಯೇ? ಕನಿಷ್ಠ ಗಾತ್ರವನ್ನು ಅವು ವಿಧಿಸುವುದಿಲ್ಲ. 2008ರ ಆವೃತ್ತಿಯು ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಲು ಸಾಧ್ಯವಿರಬೇಕೆನ್ನುತ್ತದೆ. 2018ರ ಆವೃತ್ತಿಯ ಪ್ರಕಾರ, ಓದುಗನು ಸಾಲಿನ ಅಂತರವನ್ನು ಅಕ್ಷರಗಾತ್ರದ ಒಂದೂವರೆ ಪಟ್ಟಿಗೆ ಏರಿಸಿಕೊಂಡರೂ ಪುಟ ಕೆಡಬಾರದು. ಇವೆರಡೂ ಉಪಕಾರಿ. ಆದರೆ ‘ದೊಡ್ಡ ಅಕ್ಷರ’ವೆಂದರೆ ಎಷ್ಟೆಂಬುದನ್ನು ವಿವರಿಸುವಲ್ಲಿ 18 ಪಾಯಿಂಟ್ ಎಂದು ಹೇಳಿ, ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಸಮಾನವಾದ ಬೇರೆ ಗಾತ್ರವಿರಬಹುದೆಂದು ಒಪ್ಪಿಕೊಂಡವರು ಭಾರತದ ಲಿಪಿಗಳ ಮಾತನ್ನೇ ಅಲ್ಲಿ ಎತ್ತಿಲ್ಲ. ಅವರನ್ನು ದೂರುವುದಕ್ಕಿಂತ, ನಾವು ಕೇಳಿದ್ದೇವೆಯೇ ಎಂದು ನೋಡಿಕೊಳ್ಳುವುದು ಉಚಿತ.

ಇದಕ್ಕೆ ಪರಿಹಾರವೆಂದು ಕೆಲವರು ಅಕ್ಷರಗಾತ್ರವನ್ನು ಪರದೆಯ ಅಗಲದ ಇಂತಿಷ್ಟು ಭಾಗವೆಂದು ನಿಗದಿಪಡಿಸುತ್ತಾರೆ. ನೋಟಕ್ಕೆ ಚೆನ್ನು, ಆದರೆ ಹಾಗೆ ಮಾತ್ರ ಬರೆದರೆ ಬ್ರೌಸರಿನ ಹಿಗ್ಗಿಸುವ ಕ್ರಮಕ್ಕೂ ಅಕ್ಷರ ಜಗ್ಗುವುದಿಲ್ಲ. ಇನ್ನು ಕೆಲವರದು ಪಿಕ್ಸೆಲಿನ ಹಠ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಪಿಕ್ಸೆಲಿನಲ್ಲಿ ನಿಗದಿಯಾದ ಅಕ್ಷರವನ್ನು ಓದುಗನು ಅಕ್ಷರಗಾತ್ರದ ಪಟ್ಟಿಯಿಂದ ಹಿಗ್ಗಿಸುವಂತೆಯೇ ಇರಲಿಲ್ಲ. ಇಂದು ಇಡೀ ಪುಟವನ್ನು ಹಿಗ್ಗಿಸಬಹುದಾದರೂ, ಓದುಗನು ತನ್ನ ಬ್ರೌಸರಿನಲ್ಲಿ ಮೊದಲೇ ಆರಿಸಿಟ್ಟ ಮೂಲಗಾತ್ರವನ್ನು ಆ ಹಠ ಈಗಲೂ ತಳ್ಳಿಹಾಕುತ್ತದೆ. ‘ರೆಮ್’ ಎಂಬ ಸಾಪೇಕ್ಷ ಮಾನವಾದರೋ ಓದುಗನ ಆಯ್ಕೆಯನ್ನೇ ಒಂದೆಂದು ಹಿಡಿದು ಅದರ ಪಟ್ಟುಗಳಲ್ಲಿ ಮಾತಾಡುತ್ತದೆ. ಇದಕ್ಕೆ ಪರದೆಯಗಲದ ಅಲ್ಪಾಂಶವನ್ನು ಕೂಡಿಸಿ, ಕೆಳಗೊಂದು ಮೇಲೊಂದು ಮಿತಿ ಹಾಕುವ ‘ಕ್ಲ್ಯಾಂಪ್’ ವಿಧಾನವು ಈಚೆಗೆ ಬಂದಿರುವವುಗಳಲ್ಲಿ ನನಗೆ ಮೆಚ್ಚಿನದು. ಕೆಳಮಿತಿಯನ್ನು ಮಾತ್ರ ಕನ್ನಡವನ್ನು ನೋಡಿಯೇ ಇಡತಕ್ಕದ್ದು.

ಒಂದು ಆಕ್ಷೇಪವನ್ನು ಒಪ್ಪಬೇಕು. ಅಕ್ಷರ ದೊಡ್ಡದಾದರೆ ಸಾಲಿನಲ್ಲಿ ಹಿಡಿಸುವ ಪದಗಳು ಕಡಿಮೆಯಾಗುತ್ತವೆ. ಸಂಧಿ ಸಮಾಸಗಳಿಂದ ಉದ್ದವಾಗುವ ನಮ್ಮ ಪದಗಳಿಗೆ 320 ಪಿಕ್ಸೆಲಿನ ಕಿರುಪರದೆ ಇಕ್ಕಟ್ಟೇ ಸರಿ. ಸಾಲಿಗೆ ಎರಡು ಮೂರು ಪದ ಮಾತ್ರ ನಿಂತರೆ ಓದು ಮುಗ್ಗರಿಸುತ್ತದೆ. ಆದರೂ ಸಾಲು ತುಂಡಾದರೆ ಓದುಗನಿಗೆ ಆಗುವುದು ಕಿರಿಕಿರಿ. ಒತ್ತು ಕಾಣದಿದ್ದರೆ ಪದವೇ ಬೇರೆಯಾಗುತ್ತದೆ. ಇಲ್ಲಿ ಹುಟ್ಟಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ ಕಲಿಯುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಹಳಬರಾದ ನಾವು ಕಾಣದ ಒತ್ತನ್ನು ಸಂದರ್ಭದಿಂದ ತುಂಬಿಕೊಳ್ಳುತ್ತೇವೆ. ಅಕ್ಷರ ಕೂಡಿಸಿ ಓದುವ ಮಗುವಿಗೆ ಆ ಬಂಡವಾಳವಿಲ್ಲ.

ಈ ತ್ರೈಮಾಸಿಕವೂ ಜಾಲಕ್ಕೆ ಏರುವುದಾದರೆ ಸಂಪಾದಕರಲ್ಲಿ ನನ್ನದೊಂದು ವಿನಂತಿ. ‘ಹಳ್ಳಿ’, ‘ಧನ’, ‘ಕತ್ತೆ’, ‘ಭಾಗ’, ‘ರಾಷ್ಟ್ರ’ ಎಂಬ ಐದು ಪದಗಳನ್ನು ಪುಟದಲ್ಲಿ ಬರೆದು, ವಾಚನಾಲಯದಲ್ಲಿರುವ ಅತ್ಯಂತ ಹಳೆಯ ಮೊಬೈಲಿನಲ್ಲಿ ತೆರೆದು, ಕನ್ನಡಕವಿಲ್ಲದೆ ತೋಳು ಚಾಚಿ ಓದಲು ಆ ಹಿರಿಯರ ಕೈಗೇ ಮೊದಲು ಕೊಡಬೇಕು.